ಕೂಸು ಮಲಗಿದ ಮೇಲೆ ಬರೆದವರು

ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಸೇತುವೆಗಳ ಮೇಲೆ ನೀರು ಬಂದರೆ ನಮ್ಮಂಥ ಸ್ಟ್ರಿಂಗರುಗಳಿಗೆ ಸುಗ್ಗಿ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ದುಡ್ಡು ಸಿಗುವ ಕೆಲಸ ನಮ್ಮದು. ಸಂಬಳ ಇಲ್ಲ, ರಜೆ ಅನ್ನೋ ಮಾತೂ ಇಲ್ಲ.

ನನ್ನ ಮಗಳು ಎಂಟು ತಿಂಗಳ ಕೂಸಿದ್ದಾಗ ಅಂಥದ್ದೇ ಒಂದು ದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಕೂಸಿಗೆ ರಾತ್ರಿಯಿಂದ ಜ್ವರ. ಯಜಮಾನರು ಹೊಲಕ್ಕೆ ಹೋಗಿದ್ದರು. ನಾನು ಬರೋದಿಲ್ಲ ಅಂದೆ. ಸುದ್ದಿಯನ್ನು ಬೇರೆ ಯಾರೋ ಮಾಡಿದರು. ಆಮೇಲೆ ಎರಡು ತಿಂಗಳು ನನಗೆ ಫೋನೇ ಬರಲಿಲ್ಲ.

ಇನ್ನು ಈ ಕೆಲಸ ಸಾಕು ಅಂತ ಅಡುಗೆಮನೆಯಲ್ಲಿ ಕಣ್ಣೀರು ಹಾಕುತ್ತ ಕೂತಿದ್ದೆ. ಅತ್ತಿ ಬಂದು ಅಂದರು: “ಮುಂದ ಹಿಂಗ ಫೋನ್ ಬಂದ್ರ ಕೂಸನ್ನ ನನ್ನ ಉಡ್ಯಾಗ ಹಾಕಿ ಹೋಗವಾ. ನಾ ಏನ್ ಸತ್ತೇನೇನ?”

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ನಮಗಿಂತ ಮುಂಚೆ ಕನ್ನಡದಲ್ಲಿ ಬರೆದ ಹೆಣ್ಣುಮಕ್ಕಳು ಇದನ್ನು ಹ್ಯಾಂಗ ನಿಭಾಯಿಸಿದರು? ಅವರ ಕೂಸುಗಳನ್ನು ಯಾರು ಉಡಿಯಲ್ಲಿ ಹಾಕಿಕೊಂಡರು? ಓದುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಸುತ್ತಿನ ದೊಡ್ಡವರು

ಅರಭಾವಿಯ ಸುತ್ತಮುತ್ತ ಸಾಹಿತಿಗಳಿಗೆ ಬರ ಇಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಆನಂದಕಂದರು, ಅಂದರೆ ಬೆಟಗೇರಿ ಕೃಷ್ಣಶರ್ಮರು ಹುಟ್ಟಿದರು. ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಪತ್ರಕರ್ತರೂ ಹೌದು, ಕಾದಂಬರಿಕಾರರೂ ಹೌದು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಬಂತು. ಶಾಲೆಯಲ್ಲಿ ಇವರ ಹೆಸರು ಹೇಳುವಾಗ ನಮಗೆಲ್ಲ ಎದೆ ಉಬ್ಬುತ್ತಿತ್ತು.

ಈ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರಿಲ್ಲ ಅನ್ನೋದು ನನಗೆ ಹೊಳೆದಿದ್ದು ತಾಯಿಯಾದ ಮೇಲೆ. ಯಾರ ದೊಡ್ಡತನವನ್ನೂ ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಆದರೆ ಗಂಡಸು ಸಾಹಿತಿಯ ಪರಿಚಯದಲ್ಲಿ ಇಷ್ಟು ಪುಸ್ತಕ, ಇಷ್ಟು ಪ್ರಶಸ್ತಿ ಎಂದು ಇರುತ್ತದೆ. ಬರೆಯುವಾಗ ಮಕ್ಕಳನ್ನು ಯಾರು ನೋಡಿಕೊಂಡರು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಹೆಣ್ಣುಮಗಳಿಗೆ ಮೊದಲು ಕೇಳುವುದೇ ಅದನ್ನು.

ಹಾಗಂತ ನಮ್ಮ ಕಡೆಯ ಹೆಂಗಸರು ಸುಮ್ಮನೆ ಇದ್ದರೆ? ಇಲ್ಲ. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂತು, ಮೊಲೆ ಉಣ್ಣುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪದ ಕಟ್ಟಿದವರು ಅವರೇ. ತವರು, ಅಣ್ಣ, ಗಂಡ, ಹಡೆಯುವ ನೋವು, ತೊಟ್ಟಿಲ ಕೂಸು ಎಲ್ಲವೂ ಆ ಪದಗಳಲ್ಲಿವೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥ ತ್ರಿಪದಿಗಳನ್ನು ಹಳ್ಳಿಗಳಲ್ಲಿ ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅವರು ಅದನ್ನು ಮಾಡದಿದ್ದರೆ ಎಷ್ಟೋ ಹಾಡು ಮುದುಕಿಯರ ಜೊತೆಗೇ ಮಣ್ಣಾಗುತ್ತಿದ್ದವು. ಆದರೂ ಪುಸ್ತಕದ ಮೇಲೆ ಬಂದದ್ದು ಕೂಡಿಸಿದವರ ಹೆಸರು. ಕಟ್ಟಿದ ತಾಯಂದಿರ ಹೆಸರು ಬೀಸುಕಲ್ಲಿನ ಹತ್ತಿರವೇ ಉಳಿಯಿತು.

ಮೊದಲು ಹೆಸರು ಬಂದದ್ದು ಯಾರದ್ದು?

ಹೊಸ ಕಾಲದಲ್ಲಿ ತಮ್ಮದೇ ಹೆಸರು ಹಾಕಿ ಪುಸ್ತಕ, ಪತ್ರಿಕೆ ತಂದ ಮೊದಲ ಕನ್ನಡದ ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ನೋಡಿ. ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಶುರು ಮಾಡಿದರು. ತಾವೇ ಬರೆದು ತಾವೇ ಪ್ರಕಟಿಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಎಂಬ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು. ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದವರೂ ಅವರೇ.

ಇಬ್ಬರೂ ಬಾಲವಿಧವೆಯರು. ಸಣ್ಣ ವಯಸ್ಸಿನಲ್ಲೇ ಮದುವೆಯಾಗಿ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಇದನ್ನು ಓದಿದಾಗ ನನಗೆ ಒಂದು ಗಳಿಗೆ ಮಾತು ಹೊರಡಲಿಲ್ಲ. ಹೆಣ್ಣಿಗೆ ದೊಡ್ಡ ಶಿಕ್ಷೆ ಎಂದು ಆ ಕಾಲ ತಿಳಿದಿದ್ದ ಬಾಳೇ ಅವರಿಗೆ ಕೂತು ಓದಿ ಬರೆಯುವ ಸಮಯ ಕೊಟ್ಟಿತ್ತು. ಸಂಸಾರ ಇದ್ದವಳಿಗೆ ಆ ಸಮಯ ಇರಲಿಲ್ಲ.

ಬೇಗ ಹೋದ ಇಬ್ಬರು ತಾಯಂದಿರು

ಮುಂದೆ ಮಕ್ಕಳಿದ್ದವರೂ ಬರೆಯತೊಡಗಿದರು. ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ. ಒಬ್ಬ ಮಗನ ತಾಯಿ. ಮನೆಗೆಲಸದ ನಡುವೆ ಬರೆದ ಸಣ್ಣಕಥೆಗಳಿಗೆ ಅವರು ಹಾಕುತ್ತಿದ್ದ ಸಹಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು. ಅಂದರೆ ಅಲ್ಲೂ ಗಂಡನ ಹೆಸರೇ. 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ‘ಕಂಬನಿ’, ‘ಚಿಗುರು’ ಎಂಬ ಕಥಾಸಂಕಲನಗಳು ಬಂದದ್ದು ಅವರು ಹೋದ ಮೇಲೆ.

ಎರಡನೆಯವರು ತ್ರಿವೇಣಿ. ನಿಜವಾದ ಹೆಸರು ಅನಸೂಯಾ ಶಂಕರ್, ಮೈಸೂರಿನವರು. ಹತ್ತು ವರ್ಷದ ಬರವಣಿಗೆಯಲ್ಲಿ ಸುಮಾರು 20 ಕಾದಂಬರಿ ಬರೆದರು. ನಮ್ಮ ಅವ್ವಂದಿರು ಸಿನಿಮಾದಲ್ಲಿ ನೋಡಿ ಅತ್ತ ‘ಶರಪಂಜರ’ದ ಕಾವೇರಿ ತ್ರಿವೇಣಿಯವರ ಕಾದಂಬರಿಯಿಂದಲೇ ಬಂದವಳು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಹೆಂಗಸಿನ ಕಥೆ ಅದು. ವಾಸಿಯಾಗಿ ಮನೆಗೆ ಬಂದರೂ ಜನ ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ. ಬಾಣಂತಿಗೆ ಅಂಟಿನುಂಡಿ ಕೊಟ್ಟು ಮೈ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅವಳಿಗೆ ಮನಸ್ಸೂ ಇದೆ ಎಂದು ಹೇಳಿದವರು ತ್ರಿವೇಣಿ.

ಅವರ ಬದುಕು ಮುಗಿದದ್ದೂ ಬಾಣಂತನದಲ್ಲೇ. 1963ರ ಜುಲೈನಲ್ಲಿ ಹೆಣ್ಣುಮಗುವನ್ನು ಹಡೆದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಈಗ ನನ್ನ ವಯಸ್ಸೂ ಅದೇ.

45ರ ಲೆಕ್ಕ

ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಶಾಲೆಯ ಓದು ಹೆಚ್ಚು ಸಿಗಲಿಲ್ಲ. ಸಣ್ಣವರಿದ್ದಾಗಲೇ ಮದುವೆ. ಅವರು ಕಾದಂಬರಿ ಬರೆಯಲು ಕೂತಾಗ ವಯಸ್ಸು 45. ‘ತುಂಗಭದ್ರ’ ಬಂದದ್ದು 1963ರಲ್ಲಿ. ಬಾಲವಿಧವೆಯೊಬ್ಬಳ ಬಾಳನ್ನು ಹೇಳುವ ‘ಫಣಿಯಮ್ಮ’ ಬಂದದ್ದು 1976ರಲ್ಲಿ.

ಈಗ ಕಾಸರಗೋಡಿಗೆ ಬನ್ನಿ. ಸಾರಾ ಅಬೂಬಕ್ಕರ್ ಅಲ್ಲಿ 1936ರಲ್ಲಿ ಹುಟ್ಟಿದರು. ಮನೆಯ ಮಾತು ಬೇರೆಯಾದರೂ ಕಲಿತದ್ದು ಕನ್ನಡ ಶಾಲೆಯಲ್ಲಿ. ಮೆಟ್ರಿಕ್ ಆದ ಮೇಲೆ ಮದುವೆ, ನಾಲ್ಕು ಗಂಡುಮಕ್ಕಳು. ಅವರ ಮೊದಲ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಬಂದದ್ದು 1981ರಲ್ಲಿ. ಲೆಕ್ಕ ಹಾಕಿ ನೋಡಿ, ಅವರಿಗೂ ಆಗ ಸುಮಾರು 45! ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ 1984ರಲ್ಲಿ ಪುಸ್ತಕವಾಯಿತು. ತಲಾಖ್ ಆಗಿ ಕೂಸಿನಿಂದ ದೂರವಾದ ನಾದಿರಾ ಎಂಬ ಹುಡುಗಿಯ ಕಥೆ ಅದು.

45ಕ್ಕೆ ಶುರು ಮಾಡಿದರೂ ಇಬ್ಬರೂ ದೊಡ್ಡ ಲೇಖಕಿಯರಾದರು ಎಂದು ಖುಷಿಪಡಬಹುದು. ನಾನೂ ಪಟ್ಟೆ. ಆದರೆ 25ರಿಂದ 45ರವರೆಗಿನ ಇಪ್ಪತ್ತು ವರ್ಷದಲ್ಲಿ ಅವರಿಬ್ಬರು ಬರೆಯಬಹುದಾಗಿದ್ದ ಪುಸ್ತಕಗಳು ಎಲ್ಲಿ ಹೋದವು? 45ಕ್ಕೂ ಶುರು ಮಾಡಲಾಗದೆ ಉಳಿದವರು ಎಷ್ಟು ಮಂದಿ?

ಎರಡನ್ನೂ ಜೊತೆಗೆ ಮಾಡಿದವರು

ಮಕ್ಕಳು ಸಣ್ಣವರಿದ್ದಾಗಲೇ ಬರೆದವರೂ ಇದ್ದಾರೆ. ಡಾ. ಅನುಪಮಾ ನಿರಂಜನ ನಮ್ಮ ಧಾರವಾಡದಲ್ಲೂ ಕೆಲವು ವರ್ಷ ವೈದ್ಯವೃತ್ತಿ ಮಾಡಿದವರು. ಇಬ್ಬರು ಹೆಣ್ಣುಮಕ್ಕಳ ತಾಯಿ. ದವಾಖಾನೆ, ಮನೆ, ಕಾದಂಬರಿ ಮೂರನ್ನೂ ನಡೆಸಿದರು. ಗಂಡ, ಲೇಖಕ ನಿರಂಜನರಿಗೆ ಪಾರ್ಶ್ವವಾಯು ಬಡಿದ ಮೇಲೆ ಅವರ ಆರೈಕೆಯೂ ಸೇರಿತು. ಬಸುರಿ, ಬಾಣಂತಿಯರಿಗಾಗಿ ‘ತಾಯಿ ಮಗು’ ಬರೆದರು. ಮಕ್ಕಳಿಗಾಗಿ 12 ಸಂಪುಟಗಳ ‘ದಿನಕ್ಕೊಂದು ಕಥೆ’ ಬರೆದರು. ಮಕ್ಕಳನ್ನು ಬೆಳೆಸುವುದು ಮತ್ತು ಬರೆಯುವುದು ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಅವರ ಪುಸ್ತಕಗಳೇ ಸಾಕ್ಷಿ. ಮಕ್ಕಳನ್ನು ಹತ್ತಿರದಿಂದ ಬಲ್ಲವರಿಗೇ ಅಂಥ ಪುಸ್ತಕ ಬರೆಯಲು ಸಾಧ್ಯ.

ಹಾಸನದ ಬಾನು ಮುಷ್ತಾಕ್ ಅವರದ್ದು ಇನ್ನೊಂದು ದಾರಿ. ಹೆರಿಗೆಯ ನಂತರ ತಾವು ತೀವ್ರ ಖಿನ್ನತೆಗೆ ಬಿದ್ದದ್ದನ್ನು, ಬರವಣಿಗೆ ಆಸರೆಯಾದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಲಂಕೇಶ್ ಪತ್ರಿಕೆಗೆ ವರದಿ ಮಾಡಿದರು, ಆಮೇಲೆ ವಕೀಲರಾದರು. 2025ರ ಮೇ 20ರಂದು ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಜಿಲ್ಲೆಯ ವರದಿಗಾರ್ತಿಯಾಗಿದ್ದ ಒಬ್ಬ ತಾಯಿ ಲಂಡನ್ನಿನ ವೇದಿಕೆ ಹತ್ತಿದ್ದನ್ನು ನಾನು ಮೊಬೈಲಿನಲ್ಲಿ ನೋಡಿದೆ. ಮಗಳು ಪಕ್ಕದಲ್ಲಿ ನಿದ್ದೆ ಹೋಗಿದ್ದಳು.

ಉಡಿಯ ಮಾತು

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು ಒಂದೇ. ಹೆಣ್ಣುಮಕ್ಕಳ ಕೈಯಿಂದ ಪೆನ್ನು ಕಸಿದದ್ದು ಕೂಸುಗಳಲ್ಲ. ಕೂಸನ್ನು ನೋಡುವ ಕೆಲಸ ತಾಯಿ ಒಬ್ಬಳದೇ ಎಂದು ಬಿಟ್ಟುಬಿಟ್ಟ ಮನೆ ಮತ್ತು ಊರು.

ಕಾನೂನು ಇಲ್ಲವೆಂದಲ್ಲ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಹೆರಿಗೆಗೆ 26 ವಾರ ಆಗಿದೆ. ಆದರೆ ಅದು ನೌಕರಿ ಇದ್ದವರಿಗೆ. ಸುದ್ದಿಗೆ ಇಷ್ಟು ಎಂದು ದುಡಿಯುವವಳಿಗೆ, ಕಬ್ಬು ಕಡಿಯುವವಳಿಗೆ, ಮನೆಯಲ್ಲಿ ಹೊಲಿಗೆ ಹಾಕುವವಳಿಗೆ ಆ ರಜೆ ಕೊಡುವವರು ಯಾರು? ಉದ್ಯೋಗ ಖಾತರಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ನಮ್ಮ ರಾಜ್ಯದಲ್ಲಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯಾ, ಬಾಗಿಲು ತೆರೆದಿದೆಯಾ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ.

ನನ್ನ ಜೊತೆ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ ಒಬ್ಬ ಗೆಳತಿ ಇದ್ದಾಳೆ. ಕ್ಲಾಸಿನಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ಅವಳು. ಎರಡು ಮಕ್ಕಳಾದ ಮೇಲೆ ಒಂದು ಸಾಲೂ ಬರೆದಿಲ್ಲ. ಮೊನ್ನೆ ಜಾತ್ರೆಯಲ್ಲಿ ಸಿಕ್ಕಾಗ ಕೇಳಿದೆ. “ಹುಡುಗ್ರು ದೊಡ್ಡವಾಗ್ಲಿ, ಆಮ್ಯಾಗ ನೋಡೂಣು” ಅಂದಳು. ನನಗೆ 45ರ ಲೆಕ್ಕ ನೆನಪಾಯಿತು.

ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇರಬಹುದು. ಹೆಂಡತಿಯೋ, ಸೊಸೆಯೋ, ತಂಗಿಯೋ. ಅವಳಿಗೆ ಪ್ರಶಸ್ತಿ ಕೊಡಿಸಬೇಕಿಲ್ಲ. ದಿನಕ್ಕೆ ಒಂದು ತಾಸು ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿ. ಗಂಡಸರು ಎತ್ತಿಕೊಂಡರೂ ಕೂಸು ಬೇಡ ಅನ್ನುವುದಿಲ್ಲ. ಈಗ ನಮ್ಮ ಯಜಮಾನರು ಹೊಲದಿಂದ ಬಂದ ಮೇಲೆ ಮಗಳ ಅಭ್ಯಾಸ ನೋಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಈ ಲೇಖನವನ್ನು ನಾಲ್ಕು ರಾತ್ರಿ ಕೂತು ಬರೆದೆ. ಮೂರು ರಾತ್ರಿ ಮಗಳು ಅತ್ತಿಯ ಪಕ್ಕದಲ್ಲಿ ಮಲಗಿದಳು. ಕೆಳಗೆ ಹೆಸರು ಬರುವುದು ನನ್ನದು. ಅತ್ತಿಯ ಹೆಸರು ಬರುವುದಿಲ್ಲ. ಅದಕ್ಕೇ ಈ ಮಾತನ್ನು ಇಲ್ಲೇ ಬರೆದಿಟ್ಟಿದ್ದೇನೆ.