ಬೀಸುಕಲ್ಲಿಗೆ ಉಳಿ ಹಾಕಿದವರು



ನಮ್ಮ ಮಿರಜ ಭಾಗದ ಹಳೆಯ ಮನೆಗಳ ಹಿತ್ತಲಲ್ಲಿ ದುಂಡನೆಯ ಕರಿಕಲ್ಲೊಂದು ಬಿದ್ದಿರುವುದನ್ನು ನೀವು ನೋಡಿರಬಹುದು. ಮರಾಠಿ ಮನೆಯಲ್ಲಿ ಅದು ‘ಜಾತಂ’, ಕನ್ನಡ ಮನೆಯಲ್ಲಿ ಬೀಸುಕಲ್ಲು. ಕೆಳಗಿನ ಕಲ್ಲು ಕದಲುವುದಿಲ್ಲ, ಮೇಲಿನದು ನಡುವಿನ ಗೂಟದ ಸುತ್ತ ತಿರುಗುತ್ತದೆ. ಬಾಯಿಗೆ ಹಿಡಿ ಹಿಡಿಯಾಗಿ ಜೋಳ ಹಾಕಿದರೆ ಅಂಚಿನಿಂದ ಹಿಟ್ಟು ಉದುರುತ್ತದೆ. ಗಿರಣಿ ಬರುವ ಮುಂಚೆ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಅಂದಿನ ರೊಟ್ಟಿಯ ಹಿಟ್ಟು ಬೀಸಬೇಕಿತ್ತು.

ಬೈಬಲಿಗೆ ಈ ಕಲ್ಲಿನ ಬೆಲೆ ಚೆನ್ನಾಗಿ ಗೊತ್ತು. ಸಾಲಕ್ಕೆ ಒತ್ತೆಯಾಗಿ ಬೀಸುಕಲ್ಲನ್ನು ತೆಗೆದುಕೊಳ್ಳಬಾರದು, ಮೇಲಿನ ಕಲ್ಲೊಂದನ್ನೂ ಒಯ್ಯಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡಂತೆ ಎಂದು ಧರ್ಮೋಪದೇಶಕಾಂಡ (24:6) ಹೇಳುತ್ತದೆ. ಮೇಲಿನದು ಹೋದರೆ ಕೆಳಗಿನದರಿಂದ ಏನು ಪ್ರಯೋಜನ? ಬಡವರ ಅಡುಗೆಮನೆ ಕಂಡವರೇ ಬರೆದ ಕಾನೂನು ಅದು. ಮತ್ತಾಯನ ಶುಭಸಂದೇಶದಲ್ಲಿ (24:41) ಬೀಸುತ್ತಿರುವ ಇಬ್ಬರು ಹೆಂಗಸರ ಮಾತು ಬಂದಾಗ ನಮ್ಮ ಅಜ್ಜಿಯರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೀಸುವಾಗ ಹಾಡು ಇದ್ದೇ ಇರುತ್ತಿತ್ತು. ಕನ್ನಡದಲ್ಲಿ ತ್ರಿಪದಿ, ಮರಾಠಿಯಲ್ಲಿ ಓವಿ. ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದರು. ಪುಣೆಯಲ್ಲಿ ಹೇಮಾ ರಾಯರ್ಕರ್ ಮತ್ತು ಫ್ರಾನ್ಸಿನಿಂದ ಬಂದ ಗೀ ಪ್ವಾತ್ವಾಂ ಅವರ ಬಳಗ ಹಳ್ಳಿಹಳ್ಳಿ ತಿರುಗಿ ಒಂದು ಲಕ್ಷಕ್ಕೂ ಹೆಚ್ಚು ಓವಿಗಳನ್ನು ಕೂಡಿಹಾಕಿತು. ಹಾಡಿದವರ ದನಿ ಹೀಗಾದರೂ ಉಳಿಯಿತು. ಕಲ್ಲನ್ನು ಸರಿಪಡಿಸಿದವರದು?

ದಿನವೂ ಬೀಸಿದರೆ ಕಲ್ಲಿನ ಮೈ ಸವೆದು ನುಣುಪಾಗುತ್ತದೆ. ಆಗ ಕಾಳು ಜಾರುತ್ತದೆ, ಹಿಟ್ಟು ತರಿತರಿಯಾಗುತ್ತದೆ, ರಟ್ಟೆ ಸೋಲುತ್ತದೆ. ಉಳಿ ಸುತ್ತಿಗೆ ಹಿಡಿದು ಊರೂರು ಅಲೆಯುವವರು ಬಂದು ಅದಕ್ಕೆ ಸಣ್ಣ ಸಣ್ಣ ಗುಳಿ ಹೊಡೆದು ಮತ್ತೆ ಒರಟು ಮಾಡಬೇಕು. ಮಹಾರಾಷ್ಟ್ರದಲ್ಲಿ ಈ ಕೆಲಸದಿಂದಲೇ ಒಂದು ಸಮುದಾಯಕ್ಕೆ ‘ಟಕಾರಿ’ ಎಂಬ ಹೆಸರು ಬಂತು. ಉಳಿಗೆ ಮರಾಠಿಯಲ್ಲಿ ‘ಟಾಕಿ’ ಎನ್ನುತ್ತಾರೆ.

ಅವರು ಮುಟ್ಟಿದ ಕಲ್ಲಿನ ಹಿಟ್ಟನ್ನು ಊರೆಲ್ಲ ಉಂಡಿತು. ಆದರೆ ನೆಲೆ ಇಲ್ಲದೆ ಅಲೆಯುವವರು ಎಂದರೆ ಸರಕಾರಕ್ಕೆ ಸಂಶಯ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ 1911ರ ಬಳಿಕ ಮುಂಬೈ ಪ್ರಾಂತಕ್ಕೂ ಬಂತು. ಅದರಡಿ ಹೆಸರು ಬರೆದುಕೊಂಡವರು ಪೊಲೀಸರ ಮುಂದೆ ಹಾಜರಿ ಕೊಡಬೇಕಿತ್ತು. ಹುಟ್ಟಿದ ಕುಲವೇ ಅಪರಾಧವಾಯಿತು. 1952ರಲ್ಲಿ ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಟಕಾರಿಗಳನ್ನು ಇಂದು ಮಹಾರಾಷ್ಟ್ರದಲ್ಲಿ ‘ವಿಮುಕ್ತ ಜಾತಿ’ಗಳಲ್ಲಿ ಎಣಿಸುತ್ತಾರೆ. ಕಾಗದದ ಮೇಲೆ ವಿಮುಕ್ತರು, ಸರಿ. ಆದರೆ ಊರಿನಲ್ಲಿ ಕಳವಾದಾಗ ಮೊದಲ ಸಂಶಯ ಯಾರ ಮೇಲೆ ಹೋಗುತ್ತದೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ಬೀಸುಕಲ್ಲನ್ನು ಒತ್ತೆ ಇಡಬಾರದೆಂದು ಓದುವವರು ನಾವು, ಅದನ್ನು ಉಳಿಸಿಕೊಟ್ಟವರ ಮಾನ ಒತ್ತೆಗೆ ಹೋದದ್ದನ್ನು ಮಾತ್ರ ಓದಲೇ ಇಲ್ಲ.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ ಆ ಕಲ್ಲನ್ನು ಹೊರಳಿಸಿ ನೋಡಿ. ಸವೆಯದೆ ಉಳಿದ ಗುಳಿಗಳು ಬೆರಳಿಗೆ ತಾಕಿದರೆ ಅಜ್ಜಿಯನ್ನು ಕೇಳಿ: ಇದಕ್ಕೆ ಉಳಿ ಹಾಕಲು ಯಾರು ಬರುತ್ತಿದ್ದರು, ಅವರಿಗೆ ಏನು ಕೊಡುತ್ತಿದ್ದಿರಿ, ಎಲ್ಲಿ ಕೂರಿಸುತ್ತಿದ್ದಿರಿ?