ಲಂಗರಿಲ್ಲದೆ ನಿಲ್ಲುವ ಹಡಗು

ನೀರಿನ ನಡುವೆ ಹಡಗು ನಿಲ್ಲಬೇಕಾದರೆ ಲಂಗರು ಹಾಕಬೇಕು. ದೋಣಿ ಹುಟ್ಟಿದ ಕಾಲದಿಂದ ನಡೆದುಬಂದ ಪದ್ಧತಿ ಇದು. ಆದರೆ ನೀರಿನ ಆಳ ಮೂರು ಸಾವಿರ ಮೀಟರ್ ಇದ್ದರೆ? ಅಷ್ಟು ಆಳಕ್ಕೆ ಸರಪಳಿ ಇಳಿಬಿಟ್ಟು ಹಡಗನ್ನು ಬಿಗಿದು ನಿಲ್ಲಿಸುವುದು ಸುಲಭದ ಮಾತಲ್ಲ. ಸಮುದ್ರತಳದಲ್ಲಿ ತೈಲದ ಕೊಳವೆಗಳ ಜಾಲವೇ ಹರಡಿದ್ದರೆ? ಅಲ್ಲಿ ಲಂಗರು ಬಿಟ್ಟರೆ ಕೊಳವೆಯೇ ಒಡೆದೀತು. ಆದರೂ ಇಂಥ ಕಡೆಗಳಲ್ಲಿಯೇ ಹಡಗುಗಳು ದಿನಗಟ್ಟಲೆ, ತಿಂಗಳುಗಟ್ಟಲೆ ಒಂದೇ ಬಿಂದುವಿನ ಮೇಲೆ ನಿಂತು ಕೆಲಸ ಮಾಡುತ್ತವೆ. ಅವುಗಳನ್ನು ಹಿಡಿದು ನಿಲ್ಲಿಸಿರುವುದು ಸರಪಳಿಯಲ್ಲ, ಲೆಕ್ಕ.

ಈ ವಿದ್ಯೆಗೆ ‘ಡೈನಮಿಕ್ ಪೊಸಿಷನಿಂಗ್’, ಸಂಕ್ಷೇಪವಾಗಿ ‘ಡಿ.ಪಿ.’ ಎಂದು ಹೆಸರು. ಹಡಗಿನ ತಳದಲ್ಲಿ ಬೇಕಾದ ದಿಕ್ಕಿಗೆ ನೀರನ್ನು ತಳ್ಳುವ ಹಲವು ಥ್ರಸ್ಟರ್‌ಗಳಿರುತ್ತವೆ. ಗಾಳಿ ಎಷ್ಟು, ಹಡಗಿನ ಮುಖ ಎತ್ತ, ಅದು ನಿಲ್ಲಬೇಕಾದ ಜಾಗದಿಂದ ಎಷ್ಟು ಸರಿದಿದೆ ಎಂಬುದನ್ನು ಉಪಕರಣಗಳು ಅಳೆದು ಕಂಪ್ಯೂಟರಿಗೆ ತಿಳಿಸುತ್ತವೆ. ಯಾವ ಥ್ರಸ್ಟರ್ ಎತ್ತ ಕಡೆ, ಎಷ್ಟು ಬಲದಿಂದ ತಳ್ಳಬೇಕೆಂಬುದನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಅಲೆಯೊಡನೆ ಹಡಗು ಏಳುವುದನ್ನೂ ಬೀಳುವುದನ್ನೂ ಯಾರೂ ತಡೆಯಲಾರರು. ಆದರೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯದಂತೆ, ತಿರುಗದಂತೆ ಅದನ್ನು ಹಿಡಿದಿಡಬಹುದು.

ಹೇಳಲು ಇಷ್ಟು ಸರಳ. ಆದರೆ ಲಂಗರಿನ ಸರಪಳಿ ವಿದ್ಯುತ್ ಹೋದರೂ ಹಿಡಿದೇ ಇರುತ್ತದೆ. ಲೆಕ್ಕ ತಪ್ಪಿದ ಹಡಗನ್ನು ಹಿಡಿಯುವವರು ಯಾರು? ಆರು ದಶಕಗಳಿಗೂ ಮೀರಿದ ಡಿ.ಪಿ. ಇತಿಹಾಸವೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸವೇ ಆಗಿದೆ.

ಭೂಮಿಗೆ ತೂತು ಕೊರೆಯುವ ಸಾಹಸ

ಇದರ ಆರಂಭ ತೈಲಕ್ಕಾಗಿ ಆದದ್ದಲ್ಲ, ವಿಜ್ಞಾನಕ್ಕಾಗಿ. ಭೂಮಿಯ ಹೊರಚಿಪ್ಪು ಮುಗಿದು ಒಳಪದರ ಆರಂಭವಾಗುವ ಗಡಿಯನ್ನು ಭೂವಿಜ್ಞಾನಿಗಳು ‘ಮೋಹೊ’ ಎಂದು ಕರೆಯುತ್ತಾರೆ. ನೆಲಕ್ಕಿಂತ ಸಮುದ್ರದ ಅಡಿಯಲ್ಲಿ ಈ ಚಿಪ್ಪು ತೆಳುವಾಗಿರುವುದರಿಂದ ಅಲ್ಲಿಯೇ ಕೊರೆದು ಗಡಿ ಮುಟ್ಟಬೇಕೆಂದು ಅಮೆರಿಕದ ವಿಜ್ಞಾನಿಗಳು ಹೊರಟರು. ಅದೇ ‘ಮೊಹೋಲ್’ ಯೋಜನೆ. ವಿಲ್ಲರ್ಡ್ ಬ್ಯಾಸ್ಕಮ್ ಅದರ ತಾಂತ್ರಿಕ ನೇತೃತ್ವ ವಹಿಸಿದ್ದರು.

1961ರ ವಸಂತದಲ್ಲಿ ‘ಕಸ್-1’ ಎಂಬ ಕೊರೆಯುವ ಹಡಗು ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ ನಿಂತಿತು. ಅಲ್ಲಿ ನೀರಿನ ಆಳ ಸುಮಾರು 3,560 ಮೀಟರ್. ಹಡಗಿನ ಅಂಚುಗಳಿಗೆ ತಿರುಗಿಸಬಹುದಾದ ನಾಲ್ಕು ಪ್ರೊಪೆಲರ್‌ಗಳನ್ನು ಜೋಡಿಸಲಾಗಿತ್ತು. ಸುತ್ತಲೂ ಬುರುಡೆಗಳನ್ನು ತೇಲಿಬಿಟ್ಟು, ರೇಡಾರ್ ಮತ್ತು ಸೋನಾರ್ ಮೂಲಕ ಅವುಗಳಿಂದ ಇರುವ ದೂರವನ್ನು ನೋಡಿಕೊಳ್ಳುತ್ತ, ಚಾಲಕನೊಬ್ಬ ಕೈಯಿಂದಲೇ ಹಡಗನ್ನು ಸುಮಾರು 180 ಮೀಟರ್ ತ್ರಿಜ್ಯದ ವೃತ್ತದೊಳಗೆ ಹಿಡಿದಿಟ್ಟಿದ್ದ. ಕೊರೆದ ಐದು ರಂಧ್ರಗಳಲ್ಲಿ ಅತಿ ಆಳದ್ದು ಸಮುದ್ರತಳದಿಂದ ಕೆಳಗೆ 183 ಮೀಟರ್ ಇಳಿಯಿತು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಆ ಹಡಗಿನಲ್ಲಿದ್ದು ‘ಲೈಫ್’ ಪತ್ರಿಕೆಗೆ ವರದಿ ಬರೆದರು. ಮೋಹೊ ಮುಟ್ಟುವ ಕನಸು ಮಾತ್ರ ಕೈಗೂಡಲಿಲ್ಲ. 1966ರಲ್ಲಿ ಅಮೆರಿಕದ ಸಂಸತ್ತು ಯೋಜನೆಗೆ ಹಣ ನಿಲ್ಲಿಸಿತು. ಆದರೆ ಲಂಗರಿಲ್ಲದೆ ಆಳ ಸಮುದ್ರದಲ್ಲಿ ಕೊರೆಯಬಹುದು ಎಂಬುದು ಸಿದ್ಧವಾಗಿತ್ತು.

ದಿನವಿಡೀ ಕೈಯಿಂದ ಹಡಗು ಹಿಡಿದಿಡುವುದು ಮನುಷ್ಯನನ್ನು ದಣಿಸುವ ಕೆಲಸ. ದಣಿದವನು ತಪ್ಪುತ್ತಾನೆ. ಅದೇ 1961ರಲ್ಲಿ ಶೆಲ್ ಕಂಪನಿಯ ‘ಯುರೇಕಾ’ ಎಂಬ ಸಣ್ಣ ಹಡಗಿನಲ್ಲಿ ಎಂಜಿನಿಯರ್ ಹೊವಾರ್ಡ್ ಶಾಟೊ ಈ ಕೆಲಸವನ್ನು ಯಂತ್ರಕ್ಕೆ ವಹಿಸಿದರು. ಹಡಗಿನಿಂದ ತಳಕ್ಕೆ ಭಾರ ಕಟ್ಟಿದ ಬಿಗಿಯಾದ ತಂತಿಯೊಂದನ್ನು ಇಳಿಬಿಡಲಾಗಿತ್ತು. ಹಡಗು ಸರಿದರೆ ತಂತಿ ವಾಲುತ್ತದೆ. ವಾಲಿದ ಕೋನವನ್ನು ಅಳೆದು ಯಂತ್ರವೇ ಹಡಗನ್ನು ಹಿಂದಕ್ಕೆ ತರುತ್ತದೆ. ಇಂದಿಗೂ ಅನೇಕ ಹಡಗುಗಳಲ್ಲಿ ಉಪಗ್ರಹದ ಜೊತೆಗೆ ಈ ತಂತಿಯೂ ಇದೆ.

ಅಲೆಯ ಬೆನ್ನು ಹತ್ತಬೇಡ

ಮುಂದಿನ ತೊಡಕು ಅಲೆಯದು. ಪ್ರತಿ ಅಲೆಯೂ ಹಡಗನ್ನು ಅತ್ತ ತಳ್ಳಿ ಇತ್ತ ಎಳೆಯುತ್ತದೆ. ಯಂತ್ರ ಪ್ರತಿಯೊಂದಕ್ಕೂ ಎದುರು ತಳ್ಳಲು ಹೋದರೆ ಇಂಧನ ವ್ಯರ್ಥ, ಥ್ರಸ್ಟರ್ ಸವೆತ. ಅಲೆ ತಾನಾಗಿ ಹಿಂದಕ್ಕೆ ತರುವ ಹಡಗನ್ನು ಬಿಟ್ಟುಬಿಡಬೇಕು. ಗಾಳಿ, ಪ್ರವಾಹಗಳು ಮೆಲ್ಲಗೆ ಒಯ್ಯುವ ಹಡಗನ್ನು ಮಾತ್ರ ತಡೆಯಬೇಕು. ಇವೆರಡನ್ನೂ ಬೇರ್ಪಡಿಸುವುದು ಹೇಗೆ?

ಉತ್ತರ ನಾರ್ವೆಯಿಂದ ಬಂತು. 1969ರಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ತೈಲ ಸಿಕ್ಕ ಮೇಲೆ ಒರಟು ಸಮುದ್ರದಲ್ಲಿ ನಿಲ್ಲಬಲ್ಲ ಹಡಗುಗಳು ಆ ದೇಶಕ್ಕೆ ಬೇಕಾಗಿದ್ದವು. ಟ್ರಾಂಡ್‌ಹೈಮ್‌ನ ಪ್ರೊಫೆಸರ್ ಯೆನ್ಸ್ ಬಾಲ್ಕನ್ ಮತ್ತು ಅವರ ಸಂಗಡಿಗರು 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ್ದ ಗಣಿತ ವಿಧಾನವನ್ನು ಹಡಗಿಗೆ ಅಳವಡಿಸಿದರು. ಹಡಗು ಹೇಗೆ ವರ್ತಿಸುತ್ತದೆ ಎಂಬುದರ ಒಂದು ಮಾದರಿ ಕಂಪ್ಯೂಟರಿನೊಳಗೆ ಸದಾ ನಡೆಯುತ್ತಿರುತ್ತದೆ. ಮಾದರಿ ಹೇಳುವುದನ್ನೂ ಉಪಕರಣ ಹೇಳುವುದನ್ನೂ ತೂಗಿನೋಡಿ ನಿಜವಾದ ಸರಿತ ಯಾವುದು, ಅಲೆಯ ಕುಲುಕಾಟ ಯಾವುದು ಎಂದು ಅದು ಬೇರ್ಪಡಿಸುತ್ತದೆ. 1977ರಲ್ಲಿ ಕಾಂಗ್ಸ್‌ಬರ್ಗ್ ಸಂಸ್ಥೆ ತಯಾರಿಸಿದ ಈ ವ್ಯವಸ್ಥೆ ‘ಸೀವೇ ಈಗಲ್’ ಎಂಬ ಹಡಗಿನಲ್ಲಿ ಮೊದಲ ಬಾರಿ ನೀರಿಗಿಳಿಯಿತು. ಅದರ ಹೆಸರು ‘ಆಲ್ಬಟ್ರಾಸ್’. ಗಾಳಿಯನ್ನೇ ನಂಬಿ ದಿನಗಟ್ಟಲೆ ಹಾರುವ ಕಡಲಹಕ್ಕಿಯ ಹೆಸರು.

ಒಂದು ಕೆಟ್ಟರೆ ಎಲ್ಲವೂ ಕೆಡಬಾರದು

ಯಂತ್ರ ಜಾಣವಾದಷ್ಟೂ ಅದಕ್ಕೆ ವಹಿಸಿದ ಕೆಲಸ ಅಪಾಯಕಾರಿಯಾಗುತ್ತ ಹೋಯಿತು. ಹಡಗಿನ ಕೆಳಗೆ ಮುಳುಗುಗಾರರು ಇಳಿದರು. ಹಡಗಿನಿಂದ ಬಾವಿಯವರೆಗೆ ಉಕ್ಕಿನ ಕೊಳವೆ ಜೋಡಿಸಲ್ಪಟ್ಟಿತು. ಅನಿಲ ತುಂಬಿದ ವೇದಿಕೆಗಳಿಗೆ ಕೆಲವೇ ಮೀಟರ್ ದೂರದಲ್ಲಿ ಹಡಗುಗಳು ನಿಂತವು.

ಇಲ್ಲಿ ಎರಡು ಬಗೆಯ ಅಪಾಯಗಳಿವೆ. ಶಕ್ತಿ ಕಳೆದುಕೊಂಡ ಹಡಗು ಗಾಳಿ ಬೀಸಿದತ್ತ ತೇಲಿಹೋಗುವುದು ಒಂದು. ತಪ್ಪು ಮಾಹಿತಿ ನಂಬಿದ ಕಂಪ್ಯೂಟರ್ ಹಡಗನ್ನು ತಾನೇ ಬಲವಾಗಿ ಬೇರೆಡೆಗೆ ಓಡಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಭೀಕರ, ಏಕೆಂದರೆ ಅಲ್ಲಿ ಎಂಜಿನ್‌ಗಳೆಲ್ಲ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತವೆ.

1994ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸಾಗರಯಾನ ಸಂಘಟನೆ ಇಂಥ ಹಡಗುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಒಂದನೆಯ ದರ್ಜೆಯಲ್ಲಿ ಒಂದೇ ದೋಷದಿಂದ ಹಡಗು ಜಾಗ ತಪ್ಪಬಹುದು. ಎರಡನೆಯದರಲ್ಲಿ ಯಾವುದೇ ಒಂದು ಜನರೇಟರ್, ಥ್ರಸ್ಟರ್ ಅಥವಾ ಕಂಪ್ಯೂಟರ್ ಕೆಟ್ಟರೂ ಜಾಗ ತಪ್ಪಬಾರದು. ಮೂರನೆಯದರಲ್ಲಿ ಒಂದು ಕೋಣೆಗೆ ಪೂರ್ತಿ ಬೆಂಕಿ ಬಿದ್ದರೂ, ನೀರು ನುಗ್ಗಿದರೂ ಹಡಗು ನಿಂತೇ ಇರಬೇಕು. 2017ರಲ್ಲಿ ಈ ನಿಯಮಗಳನ್ನು ಪರಿಷ್ಕರಿಸಲಾಯಿತು.

ಆದರೆ ಜೋಡಿ ಇಟ್ಟ ಮಾತ್ರಕ್ಕೆ ಅಪಾಯ ತೊಲಗುವುದಿಲ್ಲ. ಹಡಗು ಎಲ್ಲಿದೆ ಎಂದು ಹೇಳುವ ಉಪಕರಣಗಳು ಎರಡಿದ್ದು ಅವು ಭಿನ್ನವಾಗಿ ನುಡಿದರೆ ಯಾವುದನ್ನು ನಂಬಬೇಕು? ಅದಕ್ಕೇ ಮೂರು ಬೇಕು, ಬಹುಮತದಂತೆ ನಡೆಯಬೇಕು. ಆದರೆ ಮೂರರಲ್ಲಿ ಎರಡು ಉಪಗ್ರಹವನ್ನೇ ನಂಬಿದ್ದು, ಎರಡೂ ಒಟ್ಟಿಗೆ ದಾರಿ ತಪ್ಪಿದರೆ? ಆಗ ನಿಜ ಹೇಳುವ ಮೂರನೆಯದೇ ಅಲ್ಪಮತಕ್ಕೆ ಬೀಳುತ್ತದೆ. ಆದ್ದರಿಂದ ಸಂಖ್ಯೆ ಮಾತ್ರ ಸಾಲದು, ಅವು ಬೇರೆ ಬೇರೆ ತತ್ವದ ಮೇಲೆ ನಡೆಯಬೇಕು: ಒಂದು ಉಪಗ್ರಹ, ಒಂದು ನೀರಿನಡಿಯ ಶಬ್ದತರಂಗ, ಒಂದು ಲೇಸರ್ ಅಥವಾ ತಂತಿ.

ಎರಡು ಮತ್ತು ಮೂರನೆಯ ದರ್ಜೆಯ ಹಡಗುಗಳಲ್ಲಿ ಕಂಪ್ಯೂಟರ್ ಸದಾ ಇನ್ನೊಂದು ಲೆಕ್ಕವನ್ನೂ ಮಾಡುತ್ತಿರಬೇಕು. ಈ ಕ್ಷಣದಲ್ಲಿ ಅತಿ ಕೆಟ್ಟ ದೋಷ ಸಂಭವಿಸಿದರೆ, ಈಗಿನ ಗಾಳಿಯಲ್ಲಿ ಉಳಿದ ಥ್ರಸ್ಟರ್‌ಗಳು ಹಡಗನ್ನು ಹಿಡಿಯಬಲ್ಲವೇ? ಇಲ್ಲವೆಂದಾದರೆ ಅದು ಎಚ್ಚರಿಸುತ್ತದೆ. ಏನೂ ಕೆಟ್ಟಿಲ್ಲದಿದ್ದರೂ ಕೆಲಸ ನಿಲ್ಲಿಸುವ ಕಾಲ ಅದು.

ಮುಂಬೈ ಹೈ ಕಲಿಸಿದ್ದು

ಮುಂಬೈನಿಂದ ಸುಮಾರು 160 ಕಿಲೋಮೀಟರ್ ದೂರದ ಈ ತೈಲಕ್ಷೇತ್ರ 1974ರಲ್ಲಿ ಪತ್ತೆಯಾದದ್ದು. ಅದನ್ನು ಕೊರೆದ ‘ಸಾಗರ್ ಸಮ್ರಾಟ್’ ಕಾಲೂರಿ ನಿಲ್ಲುವ ರಿಗ್. ಅಲ್ಲಿನ ಆಳ ಕಾಲಿಗೆ ಎಟಕುವಂಥದು. ಆದರೆ ಮುಳುಗುಗಾರರ ಕೆಲಸಕ್ಕೆ, ದುರಸ್ತಿಗೆ ವೇದಿಕೆಗಳ ನಡುವೆ ಓಡಾಡುವ ಹಡಗುಗಳು ಬೇಕು. ಒ.ಎನ್.ಜಿ.ಸಿ.ಯ ‘ಸಮುದ್ರ ಸುರಕ್ಷಾ’ ಅಂಥ ಒಂದು ಹಡಗು.

2005ರ ಜುಲೈ 26ರಂದು ಮುಂಬೈ ನಗರ ಮಹಾಮಳೆಯಲ್ಲಿ ಮುಳುಗಿತ್ತು. ಮರುದಿನ, 27ರಂದು, ಸಮುದ್ರವೂ ಕೆರಳಿತ್ತು. ಹಡಗಿನ ಅಡುಗೆಯವನೊಬ್ಬನ ಬೆರಳಿಗೆ ತೀವ್ರ ಗಾಯವಾಯಿತು. ಹವಾಮಾನದಿಂದಾಗಿ ಹೆಲಿಕಾಪ್ಟರ್ ಸಿಗುವಂತಿರಲಿಲ್ಲ. ಗಾಯಾಳುವನ್ನು ಬುಟ್ಟಿಯಲ್ಲಿ ಕೂರಿಸಿ, ಕ್ರೇನಿನಿಂದ ಬಾಂಬೆ ಹೈ ನಾರ್ತ್ ವೇದಿಕೆಗೆ ಎತ್ತುವುದೆಂದು ತೀರ್ಮಾನವಾಯಿತು. ಗಾಳಿಯ ಮರೆಯಲ್ಲಿದ್ದ ಕ್ರೇನ್ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಹಡಗು ಗಾಳಿ ನೇರವಾಗಿ ವೇದಿಕೆಯತ್ತ ತಳ್ಳುವ ಬದಿಯಿಂದ ಬಂತು. ಕಂಪ್ಯೂಟರ್ ನಡೆಸುವ ಥ್ರಸ್ಟರ್‌ಗಳಲ್ಲಿ ತೊಂದರೆ ಕಂಡಿದ್ದರಿಂದ ಅದನ್ನು ಕೈಯಿಂದಲೇ ನಡೆಸಲಾಗುತ್ತಿತ್ತು.

ಗಾಯಾಳು ವೇದಿಕೆಗೆ ತಲುಪಿದ. ಹಡಗು ಹಿಂದೆ ಸರಿಯುವಷ್ಟರಲ್ಲಿ ಅಲೆ ಅದನ್ನು ವೇದಿಕೆಯತ್ತ ಎಸೆಯಿತು. ಹಡಗಿನ ಹೆಲಿಕಾಪ್ಟರ್ ಕಟ್ಟೆ, ವೇದಿಕೆಯ ಉಕ್ಕಿನ ಚೌಕಟ್ಟಿನ ಹೊರಗಿದ್ದ ಅನಿಲದ ಕೊಳವೆಗೆ ಬಡಿಯಿತು. ಅನಿಲ ಸೋರಿ ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಗಳಲ್ಲಿ ವೇದಿಕೆ ಕುಸಿಯಿತು. ಅಲ್ಲಿದ್ದ 384 ಮಂದಿಯಲ್ಲಿ 362 ಮಂದಿಯನ್ನು ರಕ್ಷಿಸಲಾಯಿತು. 22 ಮಂದಿ ಸತ್ತರು ಅಥವಾ ಕಾಣೆಯಾದರು. ಉರಿದ ಹಡಗು ಆಗಸ್ಟ್ 1ರಂದು ಮುಳುಗಿತು.

ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಾಯಾಳುವನ್ನು ಸಾಗಿಸುವುದು ತಪ್ಪಲ್ಲ. ಕ್ರೇನ್ ಕೆಡುವುದು ಅಪರೂಪವಲ್ಲ. ಥ್ರಸ್ಟರ್ ತೊಂದರೆ ಕೊಟ್ಟಾಗ ಕೈಗೆ ತೆಗೆದುಕೊಳ್ಳುವುದೂ ನಾವಿಕನ ವಿದ್ಯೆಯೇ. ಆದರೆ ಮೂರೂ ಒಂದೇ ಮಧ್ಯಾಹ್ನ, ಒಂದೇ ವೇದಿಕೆಯ ಗಾಳಿಬದಿಯಲ್ಲಿ ಕೂಡಿದಾಗ ‘ಇನ್ನು ಹತ್ತಿರ ಹೋಗಬಾರದು’ ಎಂಬ ಗೆರೆಯೊಂದು ಬೇಕಿತ್ತು. ನರಳುವವನು ಕಣ್ಣೆದುರಿಗೆ ಇರುವಾಗ ಅಂಥ ಗೆರೆ ಎಳೆಯುವುದು ಯಾರಿಗೂ ಕಷ್ಟ. ಆದ್ದರಿಂದಲೇ ಅದನ್ನು ಮೊದಲೇ ಎಳೆದಿಡಬೇಕು.

ಬಾವಿ ಮೊದಲೇ ತೋಡಬೇಕು

ಈಗ ಬಹಳಷ್ಟು ಕಡೆ ಅನುಸರಿಸುವ ಕ್ರಮ ಇದೇ. ಕೆಲಸ ಆರಂಭಿಸುವ ಮುನ್ನ ಒಂದು ಪಟ್ಟಿ ಸಿದ್ಧವಾಗುತ್ತದೆ. ಗಾಳಿ ಇಷ್ಟು, ಹಡಗಿನ ಸರಿತ ಇಷ್ಟು, ಕೆಲಸ ಮಾಡುತ್ತಿರುವ ಜನರೇಟರ್ ಇಷ್ಟು ಇದ್ದರೆ ಹಸಿರು. ಇಷ್ಟಕ್ಕೆ ಇಳಿದರೆ ಹಳದಿ, ಮುಳುಗುಗಾರರು ಹಿಂದಿರುಗಬೇಕು. ಇಷ್ಟಕ್ಕೆ ಬಂದರೆ ಕೆಂಪು, ಬಾವಿಯ ಕೊಳವೆ ಕಳಚಿ ಹಡಗು ಹೊರಡಬೇಕು. ಆ ಹೊತ್ತಿಗೆ ಚರ್ಚೆಯಿಲ್ಲ, ದಡಕ್ಕೆ ಫೋನು ಮಾಡಿ ಅಪ್ಪಣೆ ಕೇಳುವುದೂ ಇಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯನ್ನು ತೈಲೋದ್ಯಮ ದುಬಾರಿ ಬೆಲೆ ತೆತ್ತು ಕಲಿತಿದೆ.

ಸೋಜಿಗವೆಂದರೆ, ಈ ಲೆಕ್ಕದಲ್ಲಿ ಆಳ ಕಡಿಮೆ ಇದ್ದಷ್ಟೂ ಅಪಾಯ ಹತ್ತಿರ. ಹಡಗು ಆಳದ ನೂರಕ್ಕೆ ಐದರಷ್ಟು ಸರಿಯಬಹುದು ಎಂದಿಟ್ಟುಕೊಳ್ಳೋಣ. 2,000 ಮೀಟರ್ ಆಳದಲ್ಲಿ ಅದು 100 ಮೀಟರ್; 200 ಮೀಟರ್ ಆಳದಲ್ಲಿ ಬರೀ 10 ಮೀಟರ್. ಯೋಚಿಸಲು ಸಿಗುವ ಸಮಯವೂ ಅಷ್ಟೇ ಕಡಿಮೆ. ಭಾರತದ ಪೂರ್ವ ಕರಾವಳಿಯಾಚೆ 2013ರಲ್ಲಿ ಡಿ.ಪಿ. ಹಡಗೊಂದು 3,100 ಮೀಟರಿಗೂ ಹೆಚ್ಚು ಆಳದ ನೀರಿನಲ್ಲಿ ಬಾವಿ ಕೊರೆದು ಆ ಕಾಲದ ವಿಶ್ವದಾಖಲೆ ಸ್ಥಾಪಿಸಿತು. ಹೆಚ್ಚು ಸುದ್ದಿಯಾಗುವುದು ಅಂಥ ಆಳವೇ. ಆದರೆ ವೇದಿಕೆಯ ಮಗ್ಗುಲಲ್ಲಿ ನಡೆಯುವ ದಿನನಿತ್ಯದ ಕೆಲಸ ಅದಕ್ಕಿಂತ ಸುರಕ್ಷಿತವೇನಲ್ಲ.

ಎಲ್ಲ ಸಿದ್ಧತೆ ಇದ್ದೂ ಯಂತ್ರ ಕೈಕೊಡಬಹುದು. 2012ರ ಸೆಪ್ಟೆಂಬರ್ 18ರ ರಾತ್ರಿ ಸ್ಕಾಟ್ಲೆಂಡಿನಾಚೆಯ ಉತ್ತರ ಸಮುದ್ರದಲ್ಲಿ ‘ಬಿಬ್ಬಿ ಟೋಪಾಜ್’ ಹಡಗಿನ ಕಂಪ್ಯೂಟರ್‌ಗಳಿಗೂ ಥ್ರಸ್ಟರ್‌ಗಳಿಗೂ ನಡುವಿನ ಸಂಪರ್ಕ ತಪ್ಪಿತು. ಹಡಗು 200 ಮೀಟರಿಗೂ ಹೆಚ್ಚು ದೂರ ತೇಲಿಹೋಯಿತು. ಸುಮಾರು 90 ಮೀಟರ್ ಕೆಳಗಿದ್ದ ಕ್ರಿಸ್ ಲೆಮನ್ಸ್ ಎಂಬ ಮುಳುಗುಗಾರನ ಉಸಿರುಕೊಳವೆ ಉಕ್ಕಿನ ರಚನೆಗೆ ಸಿಕ್ಕಿ ತುಂಡಾಯಿತು. ಬೆನ್ನ ಮೇಲಿದ್ದ ತುರ್ತು ಅನಿಲ ಕೆಲವೇ ನಿಮಿಷಗಳಿಗೆ ಸಾಕಾಗುವಷ್ಟು. ಮೇಲೆ ಸಿಬ್ಬಂದಿ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿ ಹಡಗನ್ನು ಹಿಂದಕ್ಕೆ ತಂದರು. ಯಂತ್ರಮಾನವನ ಕ್ಯಾಮೆರಾ ಅವರನ್ನು ಹುಡುಕಿತು. ಸಂಗಾತಿ ಡೇವ್ ಯುವಾಸಾ ಅವರನ್ನು ಗಂಟೆಯಾಕಾರದ ಮುಳುಗುಕೋಣೆಗೆ ಎತ್ತಿ ತಂದರು. ಅರ್ಧ ಗಂಟೆ ಉಸಿರಿಲ್ಲದೆ ಬಿದ್ದಿದ್ದವರು ಬದುಕಿದರು. ಕೊರೆಯುವ ಚಳಿನೀರು ಮತ್ತು ಅವರು ಉಸಿರಾಡುತ್ತಿದ್ದ ಮಿಶ್ರಣದಲ್ಲಿದ್ದ ಅಧಿಕ ಆಮ್ಲಜನಕ ಅದಕ್ಕೆ ಕಾರಣವಿರಬಹುದೆಂದು ಭಾವಿಸಲಾಗಿದೆ. ಕೆಲವೇ ವಾರಗಳಲ್ಲಿ ಅವರು ಅದೇ ಜಾಗಕ್ಕೆ ಮರಳಿ ಉಳಿದ ಕೆಲಸ ಮುಗಿಸಿದರು.

ಅದೃಷ್ಟವೂ ಇತ್ತು, ನಿಜ. ಆದರೆ ಕೈಕೊಟ್ಟ ಯಂತ್ರದ ಮುಂದೆ ಏನು ಮಾಡಬೇಕೆಂದು ತಿಳಿದ ಜನರೂ ಇದ್ದರು. ಲಂಗರಿಲ್ಲದ ಹಡಗಿಗೆ ಕೊನೆಯ ಲಂಗರು ಅವರೇ.