ಮೀ ಸೋನ್: ದತ್ತಿಯೊಂದರ ಕಥೆ

ವಿಯಟ್ನಾಂ ದೇಶದ ಮಧ್ಯಭಾಗದಲ್ಲಿ, ದಾನಾಂಗ್ ನಗರದ ನೈಋತ್ಯಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ, ಬೆಟ್ಟಗಳಿಂದ ಆವೃತವಾದ ಕಣಿವೆಯೊಂದಿದೆ. ಪ್ರಾಚೀನ ಚಂಪಾ ರಾಜ್ಯದ ಅರಸರು ನಾಲ್ಕನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಇಲ್ಲಿ ದೇವಾಲಯಗಳನ್ನು ಕಟ್ಟಿಸಿದರು. ಈ ಸ್ಥಳಕ್ಕೆ ಮೀ ಸೋನ್ ಎಂದು ಹೆಸರು.

ಇವರಲ್ಲಿ ಮೊದಲಿಗನಾದ ಭದ್ರವರ್ಮನು ಭದ್ರೇಶ್ವರನನ್ನು ಪ್ರತಿಷ್ಠಾಪಿಸಿ, ಎಲ್ಲೆಕಟ್ಟು ಗೊತ್ತುಪಡಿಸಿ ಭೂಮಿಯನ್ನು ದತ್ತಿ ಬಿಟ್ಟು, ಸಂಸ್ಕೃತದಲ್ಲಿ ಶಿಲಾಶಾಸನವನ್ನು ಬರೆಯಿಸಿದನು. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದಂತೆ ಅಲ್ಲಿಯೂ ಒಂದು ಮಾತುಂಟು. ವರ್ತಕರಾದ ನಮಗೆ ಅದು ಜಮಾಖರ್ಚಿನ ಲೆಕ್ಕದಂತೆಯೇ ತೋರುವುದು. ದತ್ತಿಯನ್ನು ಕೆಡಿಸಿದವನ ಪುಣ್ಯವೆಲ್ಲ ದಾನಿಗೆ ಜಮೆಯಾಗುವುದು. ದಾನಿಯ ಪಾಪವೆಲ್ಲ ಕೆಡಿಸಿದವನ ತಲೆಗೆ ಬರುವುದು. ಚೆನ್ನಾಗಿ ನಡೆಸಿದವನಿಗೆ ಅದರ ಪುಣ್ಯ ಪೂರ್ತಿಯಾಗಿ ಸಲ್ಲುವುದು ಎಂಬುದೇ ಅದರ ತಾತ್ಪರ್ಯ.

ಮೊದಲ ಆಲಯವು ಬೆಂಕಿಗೆ ಆಹುತಿಯಾದಾಗ ಶಂಭುವರ್ಮನು ಅದನ್ನು ಪುನಃ ಕಟ್ಟಿಸಿ, ದೇವರಿಗೆ ಶಂಭುಭದ್ರೇಶ್ವರನೆಂದು ಹೆಸರಿಟ್ಟನು. ಕಾಲಾಂತರದಲ್ಲಿ ಚಂಪಾ ಕ್ಷೀಣಿಸಿತು, ಕಣಿವೆಯನ್ನು ಕಾಡು ಆವರಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ವಿದ್ವಾಂಸರು ಇಲ್ಲಿ ಸುಮಾರು 70 ಕಟ್ಟಡಗಳನ್ನು ಗುರುತಿಸಿದರು. ಗಾರೆಯ ಗೆರೆ ಕಾಣದಂತೆ ಇಟ್ಟಿಗೆಗಳನ್ನು ಹೊಂದಿಸಿದ ಚಂಪಾ ಶಿಲ್ಪಿಗಳ ಕೌಶಲವು ಇಂದಿಗೂ ವಿದ್ವಾಂಸರ ಚರ್ಚೆಗೆ ವಿಷಯವಾಗಿದೆ.

ವಿಯಟ್ನಾಂ ಯುದ್ಧದಲ್ಲಿ ಗೆರಿಲ್ಲಾ ಪಡೆಗಳು ಈ ಕಣಿವೆಯಲ್ಲಿ ನೆಲೆ ಮಾಡಿದ್ದವು. 1969ರ ಆಗಸ್ಟಿನಲ್ಲಿ ಅಮೆರಿಕದ ವಿಮಾನಗಳು ಬಾಂಬುಗಳನ್ನು ಸುರಿಸಿದುವು. ಎಲ್ಲಕ್ಕಿಂತ ಎತ್ತರವಾಗಿದ್ದ, ಎ-1 ಎಂದು ಗುರುತಿಸಲ್ಪಟ್ಟ ಗೋಪುರವು ಉರುಳಿಬಿದ್ದಿತು. ನೂರಾರು ವರ್ಷಗಳ ಮಳೆಬಿಸಿಲುಗಳನ್ನು ತಡೆದುಕೊಂಡಿದ್ದುದು ಕೆಲವೇ ದಿನಗಳಲ್ಲಿ ಇಟ್ಟಿಗೆಯ ರಾಶಿಯಾಯಿತು. ಇಂದು ಅಲ್ಲಿಗೆ ಹೋದವರಿಗೆ ಆಲಯಗಳ ಪಕ್ಕದಲ್ಲಿಯೇ ಹುಲ್ಲು ಬೆಳೆದ ಬಾಂಬಿನ ಗುಂಡಿಗಳು ಕಾಣುತ್ತವೆ. ಯುದ್ಧ ಮುಗಿದ ಮೇಲೂ ನೆಲದಲ್ಲಿ ಹುದುಗಿದ್ದ ಸಿಡಿಗುಂಡುಗಳನ್ನು ತೆಗೆಯುವ ಕಾರ್ಯದಲ್ಲಿ ಪ್ರಾಣ ತೆತ್ತವರುಂಟು.

ಅನಂತರ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಷ್ ಕ್ವಿಯಾಟ್ಕೋವ್‌ಸ್ಕಿ ಅವರು 1980ರ ದಶಕದಲ್ಲಿ ಇಲ್ಲಿ ಶ್ರಮಿಸಿ, ಬೀಳಲಿದ್ದ ಗೋಡೆಗಳನ್ನು ನಿಲ್ಲಿಸಿದರು. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. 2017ರಿಂದ 2022ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಮೂರು ಗುಂಪಿನ ಆಲಯಗಳನ್ನು ದುರಸ್ತಿ ಮಾಡಿತು. ಆ ಕಾರ್ಯದ ನಡುವೆ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲಾ ಶಿವಲಿಂಗವು ಮಣ್ಣಿನಡಿಯಿಂದ ಬೆಳಕಿಗೆ ಬಂದಿತು.

ದಾನಕ್ಕಿಂತ ಪಾಲನೆಯೇ ಮಿಗಿಲೆಂದು ಹಿರಿಯರು ನಂಬಿದ್ದರು. ಭದ್ರವರ್ಮನ ದತ್ತಿಯನ್ನು ಕಾಪಾಡಿದವರಲ್ಲಿ ಅವನ ಕುಲದವರಿಲ್ಲ, ಭಾಷೆಯವರೂ ಇಲ್ಲ. ಆದರೂ ಅವನು ಬರೆಯಿಸಿದ ಲೆಕ್ಕದಂತೆ ಪುಣ್ಯವು ಅವರಿಗೇ ಸಲ್ಲತಕ್ಕದ್ದು. ಕಟ್ಟಿಸುವ ಉತ್ಸಾಹದಷ್ಟೇ ಕಾಪಾಡುವ ನಿಷ್ಠೆಯೂ ನಮ್ಮ ಮುಂದಿನ ಪೀಳಿಗೆಗೆ ಒದಗಲಿ.